ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿರುತ್ತದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಶನಿವಾರ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕರ ಪ್ರಭಾರ ಹಸ್ತಾಂತರವಾಯಿತು. ಎರಡು ವರ್ಷದಲ್ಲಿ ಇದು ನಾಲ್ಕನೆಯ ಸಲ. ಒಬ್ಬರಿಗೆ ವರ್ಗಾವಣೆಯಾಯಿತು, ಒಬ್ಬರನ್ನು ನಿಯೋಜನೆಯ ಮೇಲೆ ಬೇರೆ ಶಾಲೆಗೆ ಕಳಿಸಿದರು, ಇನ್ನೊಬ್ಬರು ಹೆರಿಗೆ ರಜೆಯ ಮೇಲೆ ಹೋದರು, ಈಗ ಈ ಅಕ್ಕೋರಿಗೂ (ಶಿಕ್ಷಕಿಯನ್ನು ನಾವು ಹಾಗೆ ಕರೆಯುವುದು) ವರ್ಗಾವಣೆಯ ಆದೇಶ ಬಂದಿದೆ. ನಾನು ಕುಮಟಾ ತಾಲ್ಲೂಕಿನ ಘಟ್ಟದ ಬುಡದ ಹಳ್ಳಿಯವನು. ಕರಾವಳಿಯ ಒಂದು ಅನುದಾನಿತ ಪದವಿ ಕಾಲೇಜಿನ ಕಚೇರಿಗೆ 1986ರಲ್ಲಿ ಗುಮಾಸ್ತನಾಗಿ ಸೇರಿ, 2019ರಲ್ಲಿ ಅಧೀಕ್ಷಕನಾಗಿ ನಿವೃತ್ತನಾದೆ. ಹಾಗಾಗಿ ಊರಿನಲ್ಲಿ ಪಟ್ಟಿಯೋ ಅರ್ಜಿಯೋ ಬರೆಯುವುದಿದ್ದರೆ ನನಗೆ ಕರೆ ಬರುತ್ತದೆ. ಮೊಮ್ಮಗಳು ಅದೇ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದಾಳೆ. ಹೋದೆ.

ಪಟ್ಟಿಯಲ್ಲಿ ನಲವತ್ತೊಂದು ಬಾಬುಗಳಿದ್ದವು. ಕಬ್ಬಿಣದ ಬೀರು, ಬೀಗದ ಕೈಗಳು, ದಾಖಲಾತಿ ವಹಿ, ಗ್ಯಾಸ್ ಸಿಲಿಂಡರ್ ಎರಡು, ಹಾಲಿನ ಪುಡಿ, ಅಕ್ಕಿ, ತೊಗರಿಬೇಳೆ, ತೂಕದ ಯಂತ್ರ, ಗ್ಲೋಬು. ಎಲ್ಲ ಎಣಿಸಿ ನಾನು ಕೆಳಗೆ ಗೆರೆ ಎಳೆದ ಮೇಲೆ ಅಕ್ಕೋರು ಕಾಗದ ಹಿಂದಕ್ಕೆ ತೆಗೆದುಕೊಂಡರು. ಗೆರೆಯ ಕೆಳಗೆ ತಮ್ಮ ಕೈಯಲ್ಲೇ ನಲವತ್ತೆರಡನೆಯದನ್ನು ಬರೆದರು: ‘ಹಳ್ಳದ ಆಚೆಯಿಂದ ಸಂಕ (ಕಾಲುಸೇತುವೆ) ದಾಟಿ ಬರುವ ಮಕ್ಕಳು ಏಳು. ಮಳೆಗಾಲದಲ್ಲಿ ಹನ್ನೊಂದು ಗಂಟೆಗೆ ಒಮ್ಮೆ ಹೋಗಿ ನೀರು ನೋಡಿ ಬರಬೇಕು.’

ಈ ಪತ್ರ ಬರೆಯುವುದಕ್ಕೆ ಆ ಸಾಲೇ ಕಾರಣ. ಶಾಲೆಯ, ಕಾಲೇಜಿನ ಮುಖ್ಯಸ್ಥರೆಂದರೆ ಯಾರು, ಅವರ ಕೆಲಸವೇನು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ಮೂವತ್ತಮೂರು ವರ್ಷಗಳ ಸುತ್ತೋಲೆಗಳಲ್ಲಿ ನಾನು ಓದಿಲ್ಲ.

ಆ ಸಾಲಿನ ಹಿಂದೆ ಒಂದು ಕಥೆಯಿದೆ. ಹೋದ ವರ್ಷ ಜುಲೈನಲ್ಲಿ ಒಂದು ದಿನ ಬೆಳಿಗ್ಗೆ ಮಳೆ ಹದವಾಗಿಯೇ ಇತ್ತು, ರಜೆಯೇನೂ ಇರಲಿಲ್ಲ. ಜಿಲ್ಲಾಧಿಕಾರಿಗಳ ರಜೆ ಆದೇಶ ಬರುವುದು ಬೆಳಿಗ್ಗೆ ಅಥವಾ ಹಿಂದಿನ ರಾತ್ರಿ. ನಮ್ಮ ಹಳ್ಳ ಏರುವುದು ಘಟ್ಟದ ಮೇಲೆ ಮಳೆಯಾಗಿ ಎರಡು ತಾಸಿನ ನಂತರ, ಹೆಚ್ಚಾಗಿ ಮಧ್ಯಾಹ್ನ. ಅಂದು ಹನ್ನೊಂದೂವರೆಗೆ ನೀರು ಕೆಂಪಾಗಿ ಬರತೊಡಗಿತು. ನಮ್ಮದು ಅಡಕೆ ದಬ್ಬೆಯ ಸಂಕ, ಒಂದೇ ಕಡೆ ಕೈಹಿಡಿಕೆ. ಅಕ್ಕೋರು ಬಿಸಿಯೂಟವನ್ನು ಮುಂಚೆಯೇ ಬಡಿಸಿಸಿದರು. ಅಡುಗೆಯವರನ್ನೂ ತೋಟದಲ್ಲಿದ್ದ ಇಬ್ಬರು ಪಾಲಕರನ್ನೂ ಕರೆದುಕೊಂಡು ಏಳು ಮಕ್ಕಳನ್ನು ಒಬ್ಬೊಬ್ಬರಾಗಿ ಆಚೆ ದಾಟಿಸಿ, ಅಲ್ಲಿಂದ ಮನೆಯವರ ಕೈಗೆ ಕೊಟ್ಟು ಬಂದರು. ಮೂರು ಗಂಟೆಯ ಹೊತ್ತಿಗೆ ಸಂಕ ಕಾಣಿಸುತ್ತಿರಲಿಲ್ಲ.

ಹದಿನೈದು ದಿನದ ನಂತರ ಅವರಿಗೆ ಮೇಲಿನ ಕಚೇರಿಯೊಂದರಿಂದ ಕಾರಣ ಕೇಳಿ ನೋಟಿಸ್ ಬಂತು. ಪೂರ್ವಾನುಮತಿ ಇಲ್ಲದೆ ಶಾಲೆಯನ್ನು ಅವಧಿಗೆ ಮುಂಚೆ ಬಿಟ್ಟದ್ದೇಕೆ ಎಂದು. ಅದನ್ನು ಹಿಡಿದುಕೊಂಡು ಅವರು ನಮ್ಮ ಮನೆಗೆ ಬಂದಾಗ ಕೈ ನಡುಗುತ್ತಿತ್ತು. ಖಾಯಂ ಮುಖ್ಯ ಶಿಕ್ಷಕಿಯಲ್ಲ, ಸಹಶಿಕ್ಷಕಿ, ಪ್ರಭಾರದಲ್ಲಿದ್ದವರು. ‘ನಾನು ತಪ್ಪು ಮಾಡಿದೆನಾ ಹೆಗಡೇರೇ?’ ಎಂದು ಕೇಳಿದರು. ನನಗೆ ಉತ್ತರ ಬರೆಯುವ ಅಭ್ಯಾಸವಿದೆ. ಮೊದಲು ಒಂದು ಪುಟ ಬರೆದೆ, ‘ಮಾನ್ಯರ ದಯಾಪರ ಗಮನಕ್ಕೆ’ ಎಂದೆಲ್ಲ. ಆಮೇಲೆ ಹರಿದು ಹಾಕಿದೆ. ಕೊನೆಗೆ ಹೋದದ್ದು ಮೂರು ವಾಕ್ಯ: ‘ನೀರು ಸಂಕಕ್ಕೆ ಒಂದು ಗೇಣು ಕೆಳಗಿತ್ತು. ಅನುಮತಿ ಕೇಳಲು ಶಾಲೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಕ್ಕಳನ್ನು ದಾಟಿಸಿದ್ದೇನೆ.’ ಅದಕ್ಕೆ ಮರು ಉತ್ತರ ಬರಲಿಲ್ಲ. ನೋಟಿಸ್ ಹಿಂಪಡೆದ ಪತ್ರವೂ ಇಂದಿಗೂ ಬಂದಿಲ್ಲ.

ಇಂಥ ಶಾಲೆಗೆ ಮುಖ್ಯ ಶಿಕ್ಷಕರು ಯಾಕಿಲ್ಲ ಎಂದು ಕೇಳಿದರೆ ಕಾನೂನು ತೋರಿಸುತ್ತಾರೆ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತು ಮಕ್ಕಳವರೆಗೂ ಇಬ್ಬರು ಶಿಕ್ಷಕರು. ಪ್ರತ್ಯೇಕ ಮುಖ್ಯ ಶಿಕ್ಷಕರ ಮಾತು ಬರುವುದು ಮಕ್ಕಳ ಸಂಖ್ಯೆ ನೂರೈವತ್ತು ದಾಟಿದ ಮೇಲೆ. ಬಯಲು ಸೀಮೆಯ ದೊಡ್ಡ ಊರುಗಳಿಗೆ ಈ ಲೆಕ್ಕ ಸರಿಯಿರಬಹುದು. ಕುಮಟೆ, ಸಿದ್ದಾಪುರ, ಶಿರಸಿ, ಯಲ್ಲಾಪುರ, ಜೊಯಿಡಾದ ಕಾಡಿನೊಳಗೆ ಮನೆಗೊಂದು ಗುಡ್ಡ ಎಂಬಂತಿರುವ ಊರುಗಳಲ್ಲಿ ನೂರೈವತ್ತು ಮಕ್ಕಳು ಎಲ್ಲಿಂದ ಬರಬೇಕು? ನಮ್ಮ ಶಾಲೆಯಲ್ಲಿರುವುದು ಇಪ್ಪತ್ತಮೂರು. ಹಾಗಾಗಿ ಇಬ್ಬರಲ್ಲಿ ಹಿರಿಯರಾದವರು ಪಾಠದ ಜೊತೆಗೆ ‘ಪ್ರಭಾರಿ’ಯಾಗುತ್ತಾರೆ. ಹಾಲು, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯನ್ನು ಸ್ಯಾಟ್ಸ್, ಯು-ಡೈಸ್ ಎಂಬ ಸರ್ಕಾರಿ ಜಾಲತಾಣಗಳಿಗೆ ತುಂಬುವುದು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯ ನಡಾವಳಿ, ಅನುದಾನದ ಬಳಕೆ ಪ್ರಮಾಣ ಪತ್ರ ಎಲ್ಲವೂ ಅವರದೇ. ನೆಟ್‌ವರ್ಕ್ ಸಿಗಲೆಂದು ನಮ್ಮ ಅಕ್ಕೋರು ಮೊಬೈಲ್ ಹಿಡಿದುಕೊಂಡು ಗುಡ್ಡದ ಮೇಲಿನ ಗೇರು ಮರದ ಬುಡದಲ್ಲಿ ನಿಂತಿರುವುದನ್ನು ನಾನು ಎಷ್ಟೋ ಸಂಜೆ ನೋಡಿದ್ದೇನೆ. ಹೊಣೆಯೆಲ್ಲ ಇದೆ. ಅಧಿಕಾರ ಮಾತ್ರ ಯಾವ ಕಾಗದದಲ್ಲೂ ಇಲ್ಲ.

ಕಾಲೇಜಿನ ಮಾತಿಗೆ ಬರುತ್ತೇನೆ. ಅದು ನಾನು ಉಪ್ಪುಂಡ ಜಾಗ.

ನನ್ನ ಅವಧಿಯಲ್ಲಿ ಎಂಟು ಜನ ಪ್ರಾಚಾರ್ಯರನ್ನು ಕಂಡೆ. ಅವರಲ್ಲಿ ನಾಲ್ವರು ಪ್ರಭಾರದವರು. ಖಾಯಂ ಆಗಿದ್ದವರಲ್ಲಿ ಒಬ್ಬರ ವಿಷಯ ಹೇಳಬೇಕು. ಗಣಿತದ ಮೇಷ್ಟ್ರು, ಏಳು ವರ್ಷ ಪ್ರಾಚಾರ್ಯರಾಗಿದ್ದರು. 1997ರ ಚಳಿಗಾಲ ಇರಬೇಕು. ನಮ್ಮದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜು. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ನಾನು ಎಂದಿನಂತೆ ಹಾಜರಿ ಕೊರತೆಯ ಪಟ್ಟಿ ಬೆರಳಚ್ಚು ಮಾಡಿ ಸಹಿಗೆ ಇಟ್ಟೆ. ಹತ್ತೊಂಬತ್ತು ಹೆಸರು. ಸಹಿಯಾದರೆ ನೋಟಿಸ್ ಬೋರ್ಡಿಗೆ ಹೋಗುತ್ತಿತ್ತು, ಮುಗಿಯಿತು. ಅವರು ಸಹಿ ಮಾಡಲಿಲ್ಲ. ‘ವಹಿಗಳನ್ನು ತನ್ನಿ’ ಎಂದರು.

ಹಾಜರಿ ವಹಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವರು ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತ ಹೋದರು. ಪ್ರಥಮ ಬಿ.ಎ.ಯ ಮೂವರು ಹುಡುಗಿಯರ ಹೆಸರಿನ ಮುಂದೆ ಬೆರಳು ನಿಂತಿತು. ಮೂವರದ್ದೂ ಕೆಂಪು ಶಾಯಿಯ ಗೈರುಹಾಜರಿ ಒಂದೇ ತೆರನಾಗಿತ್ತು. ನಾಲ್ಕೈದು ದಿನ ಒಟ್ಟಿಗೆ, ಆಮೇಲೆ ಹತ್ತು ದಿನ ಪೂರ್ತಿ ಹಾಜರಿ, ಮತ್ತೆ ನಾಲ್ಕೈದು ದಿನ ಇಲ್ಲ. ಅದೂ ಮೊದಲ ಎರಡು ತಾಸು ಮಾತ್ರ. ‘ಇವು ಹೀಗೆ ಗೊಂಚಲು ಗೊಂಚಲಾಗಿ ಯಾಕಿವೆ?’ ಎಂದು ನನ್ನನ್ನು ಕೇಳಿದರು. ಆ ವಹಿಗಳನ್ನು ವರ್ಷಗಟ್ಟಲೆ ಕೂಡಿಸಿದವನು ನಾನು. ನನಗೆ ಗೊತ್ತಿರಲಿಲ್ಲ. ಚಹಾ ತಂದ ನಮ್ಮ ಸಿಪಾಯಿ ಬಗ್ಗಿ ನೋಡಿ ಹೇಳಿದ: ‘ಸರ್, ಅವು ಇಳಿತದ ದಿನಗಳು. ಆ ಹುಡುಗಿಯರು ಬಳಚು ತೆಗೆಯಲು ಹೋಗುತ್ತಾರೆ.’

ಅವನು ಅಘನಾಶಿನಿ ಅಳಿವೆಯ ಬದಿಯ ಊರಿನವನು. ಹುಣ್ಣಿಮೆ, ಅಮಾವಾಸ್ಯೆ ಕಳೆದು ಮೂರು ನಾಲ್ಕು ದಿನ ಬೆಳಿಗ್ಗೆ ಏಳು ಎಂಟರ ಹೊತ್ತಿಗೆ ನೀರು ಚೆನ್ನಾಗಿ ಇಳಿದು ನದಿಯ ತಳ ತೆರೆದುಕೊಳ್ಳುತ್ತದೆ. ಊರಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಳಚು, ಅಂದರೆ ಚಿಪ್ಪಿಕಲ್ಲು, ಆರಿಸಲು ಇಳಿಯುವುದು ಆಗಲೇ. ಪ್ರಾಚಾರ್ಯರು ಸಿಪಾಯಿಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಇಳಿಸಿ ವಹಿಯ ಪಕ್ಕದಲ್ಲಿಟ್ಟರು. ಅವನು ತಿಥಿ ಹೇಳುತ್ತ ಹೋದ, ಇವರು ಗೈರುಹಾಜರಿಗೆ ಪೆನ್ಸಿಲ್ ಗುರುತು ಹಾಕುತ್ತ ಹೋದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಗುರುತುಗಳಿಲ್ಲ. ಅಕ್ಟೋಬರ್‌ನಿಂದ ಒಂದೂ ತಪ್ಪಿರಲಿಲ್ಲ.

ಆ ಭಾನುವಾರ ಅವರು ಆ ಊರಿಗೆ ಹೋದರು, ನನ್ನನ್ನೂ ಕರೆದುಕೊಂಡು. ಒಬ್ಬಳ ತಾಯಿ ಹೇಳಿದ್ದು ಇಷ್ಟೇ: ‘ಇಳಿತ ನಮ್ಮ ಸಲುವಾಗಿ ಕಾಯುವುದಿಲ್ಲವಲ್ಲ.’ ಮರುದಿನ ಬೋಧಕರ ಸಭೆ ಕರೆದರು. ಆ ತರಗತಿಯ ಭಾಷಾ ತಾಸುಗಳನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ತಳ್ಳಬೇಕು, ತಪ್ಪಿದ ಪಾಠಗಳಿಗೆ ಶನಿವಾರ ಹೆಚ್ಚಿನ ತಾಸು ತೆಗೆದುಕೊಳ್ಳಬೇಕು ಎಂದರು. ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಹೊನ್ನಾವರದಿಂದ ಓಡಾಡುವ ಬೋಧಕರೊಬ್ಬರಿಗೆ ಸಂಜೆಯ ಬಸ್ ತಪ್ಪುತ್ತಿತ್ತು, ಅವರ ತಕರಾರು ನ್ಯಾಯವೇ ಆಗಿತ್ತು. ಮೂವರಿಗಾಗಿ ಅರವತ್ತು ಜನರ ವೇಳಾಪಟ್ಟಿ ಬದಲಿಸುವುದೇ ಎಂದು ಇನ್ನೊಬ್ಬರು ಕೇಳಿದರು. ಆದರೆ ಹತ್ತೊಂಬತ್ತು ಹೆಸರುಗಳಲ್ಲಿ ಇನ್ನೂ ಆರೇಳು ಮಂದಿ ಅದೇ ದಂಡೆಯ ಊರುಗಳವರು, ಹುಡುಗರೂ ಇದ್ದರು. ಪ್ರಾಚಾರ್ಯರು ಕೂಗಾಡಲಿಲ್ಲ. ಶನಿವಾರದ ತಾಸುಗಳಲ್ಲಿ ಎರಡನ್ನು ತಾವೇ ತೆಗೆದುಕೊಂಡರು, ಇಂಗ್ಲಿಷ್ ವ್ಯಾಕರಣ. ಗಣಿತದವರು ಇಂಗ್ಲಿಷ್ ಹೇಳಿಕೊಡುವುದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಇದಕ್ಕೆ ಧಾರವಾಡದ ಅನುಮತಿ ಬೇಕಿರಲಿಲ್ಲ, ಸರ್ಕಾರದ ದುಡ್ಡು ಬೇಕಿರಲಿಲ್ಲ. ವೇಳಾಪಟ್ಟಿ ಪ್ರಾಚಾರ್ಯರ ಕೈಯಲ್ಲೇ ಇತ್ತು.

ಆ ಮೂವರಲ್ಲಿ ಇಬ್ಬರು ಪದವಿ ಮುಗಿಸಿದರು. ಒಬ್ಬಳು ಎರಡನೆಯ ವರ್ಷದಲ್ಲೇ ಬಿಟ್ಟಳು, ಮನೆಯಲ್ಲಿ ಮದುವೆ ಮಾಡಿದರು. ಅದನ್ನು ಪ್ರಾಚಾರ್ಯರು ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಿದ್ದರು.

ಅವರು ನಿವೃತ್ತರಾದ ಮೇಲೆ ಬಂದ ಪ್ರಭಾರಿಗಳಲ್ಲಿ ಯಾರೂ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು. ಒಬ್ಬರಿಗೆ ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಜ್ಯೇಷ್ಠತೆಯ ಪ್ರಕಾರ ಕುರ್ಚಿ ಬಂತು, ತಮ್ಮ ಪಾಠದ ತಾಸುಗಳೂ ಹಾಗೆಯೇ ಉಳಿದವು. ಅವರು ಒಳ್ಳೆಯ ಅಧ್ಯಾಪಕರು, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಆದರೆ ನಾಳೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬಂದರೆ ಪಿಂಚಣಿ ನಿಂತೀತು ಎಂಬ ಭಯ ಅವರನ್ನು ಬಿಡಲಿಲ್ಲ. ಮಹಿಳಾ ವಿಶ್ರಾಂತಿ ಕೊಠಡಿಯ ಶೌಚಾಲಯದ ಬಾಗಿಲಿನ ಚಿಲಕ ಕಿತ್ತುಹೋಗಿತ್ತು. ಹುಡುಗಿಯರು ಅರ್ಜಿ ಕೊಟ್ಟರು. ನಾನು ಟಿಪ್ಪಣಿ ಬರೆದು ಕಡತ ಇಟ್ಟೆ, ಅಂದಾಜು ವೆಚ್ಚ ನೂರ ಎಂಬತ್ತು ರೂಪಾಯಿ. ಕಡತ ಹಿಂದಿರುಗಿದಾಗ ಅದರ ಮೇಲಿದ್ದ ಷರಾ: ‘ಖಾಯಂ ಪ್ರಾಚಾರ್ಯರು ಬಂದ ನಂತರ ಮಂಡಿಸುವುದು.’ ಐದು ತಿಂಗಳು ಆ ಹುಡುಗಿಯರು ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಕೊನೆಗೆ ಚಿಲಕ ತಂದು ಹಾಕಿಸಿದ್ದು ನಾನೇ, ಕೈಯಿಂದ ದುಡ್ಡು ಹಾಕಿ. ಮೊದಲ ದಿನವೇ ಯಾಕೆ ಹಾಕಿಸಲಿಲ್ಲ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಮುಖ್ಯಸ್ಥರು ಹೆದರಿದರೆ ಹೆದರಿಕೆ ಗುಮಾಸ್ತನವರೆಗೂ ಇಳಿಯುತ್ತದೆ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ನನ್ನ ಅವಧಿಯಲ್ಲಿ ಏಳು ಮಾನದಂಡಗಳಿದ್ದವು. ಆರನೆಯದು ಆಡಳಿತ, ನಾಯಕತ್ವ ಮತ್ತು ನಿರ್ವಹಣೆ. ಅದಕ್ಕಾಗಿ ನಾನು ಕಟ್ಟು ಕಟ್ಟು ದಾಖಲೆ ಜೋಡಿಸಿದ್ದೇನೆ: ಸಮಿತಿಗಳ ಪಟ್ಟಿ, ಸಭೆಗಳ ನಡಾವಳಿ, ಸಂಸ್ಥೆಯ ರಚನೆಯ ನಕ್ಷೆ. ಆ ಪೆನ್ಸಿಲ್ ಗುರುತಿನ ಹಾಜರಿ ವಹಿಯನ್ನು ಲಗತ್ತಿಸಲು ಜಾಗ ಸಿಗಲಿಲ್ಲ. ನಾಯಕತ್ವ ಎಂಬ ತಲೆಬರಹದ ಕೆಳಗೆ ಇಡಬೇಕಾದ ಕಾಗದ ಅದೊಂದೇ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನಮ್ಮ ಜಿಲ್ಲೆಗೆ ಇಂಥ ಮುಖ್ಯಸ್ಥರು ಬೇರೆಡೆಗಿಂತ ಹೆಚ್ಚು ಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲಾ ಕುಮಟಾ ನಡುವಿನ ಹೆದ್ದಾರಿಯೇ ಮುಚ್ಚಿಹೋಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ನೀರಿಗೆ ಬಿತ್ತು. ಅಂಥ ದಿನ ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ, ಯಾರ ಪರೀಕ್ಷೆ ಮುಂದೂಡಬೇಕು, ಯಾರನ್ನು ಸಂಜೆ ಮನೆಗೆ ಕಳಿಸದೆ ಊರಿನಲ್ಲೇ ಉಳಿಸಿಕೊಳ್ಳಬೇಕು ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ನಿರ್ಧರಿಸಲು ಬರುವುದಿಲ್ಲ. ಆ ಊರಿನ ಹಳ್ಳ, ಬಸ್ಸು, ಇಳಿತ ಗೊತ್ತಿರುವವರು, ಗೊತ್ತಾಗುವಷ್ಟು ವರ್ಷ ಅಲ್ಲಿ ಇದ್ದವರು ನಿರ್ಧರಿಸಬೇಕು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪದವಿ ಕಾಲೇಜಿನ ಪ್ರಾಚಾರ್ಯರಿಗೆ ಐದು ವರ್ಷದ ಅವಧಿ ಹೇಳುತ್ತದೆ, ಇನ್ನೊಂದು ಅವಧಿಗೆ ವಿಸ್ತರಿಸುವುದಕ್ಕೂ ಅವಕಾಶ ಕೊಡುತ್ತದೆ. ಹದಿನೈದು ವರ್ಷದ ಅನುಭವ, ಪಿಎಚ್.ಡಿ. ಎಲ್ಲ ಕೇಳುತ್ತದೆ. ಇಷ್ಟೆಲ್ಲ ಅಳೆದು ತೂಗಿ ಆರಿಸಬೇಕಾದ ಹುದ್ದೆಯನ್ನು ಜ್ಯೇಷ್ಠತಾ ಪಟ್ಟಿಯ ಮೊದಲ ಹೆಸರಿಗೆ ‘ಮುಂದಿನ ಆದೇಶದವರೆಗೆ’ ಒಪ್ಪಿಸಿ ವರ್ಷಗಟ್ಟಲೆ ಸುಮ್ಮನಿರುವುದು ಹೇಗೆ ಸರಿ? ಹುದ್ದೆ ಖಾಲಿಯಾದದ್ದು ಆಕಸ್ಮಿಕವೂ ಅಲ್ಲವಲ್ಲ. ಸೇವಾ ಪುಸ್ತಕದ ಮೊದಲ ಪುಟದಲ್ಲೇ ಜನ್ಮದಿನಾಂಕವಿದೆ. ಅದಕ್ಕೆ ಅರವತ್ತು ಕೂಡಿಸಿದರೆ ನಿವೃತ್ತಿಯ ದಿನ. ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುವ ದಿನಾಂಕಕ್ಕೆ ಮೂವತ್ತು ವರ್ಷ ಸಮಯವಿದ್ದರೂ ನಾವು ತಯಾರಾಗುವುದಿಲ್ಲ.

ಅನುದಾನಿತ ಸಂಸ್ಥೆಗಳ ಆಡಳಿತ ಮಂಡಳಿಗಳು ಸರ್ಕಾರದ ಅನುಮತಿ ಬರಲಿಲ್ಲ ಎನ್ನುತ್ತವೆ. ಹುದ್ದೆ ತುಂಬಲು ಅನುಮತಿ ಬೇಕು ನಿಜ, ಕೇಳಿದ ಕೂಡಲೇ ಬರುವುದಿಲ್ಲ ಎಂಬುದೂ ನಿಜ. ಆದರೆ ಪ್ರಸ್ತಾವನೆ ಹೋಗುವುದೇ ಕುರ್ಚಿ ಖಾಲಿಯಾದ ಮೇಲೆ ಎಂಬುದನ್ನು ಹೊರಹೋಗುವ ಪತ್ರಗಳ ಜಾವಕ ವಹಿ ಬರೆದವನಾಗಿ ನಾನು ಬಲ್ಲೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಬಡವರ ಮಕ್ಕಳು ಇದ್ದಲ್ಲಿಗೇ ಶಾಲೆ ಕಾಲೇಜುಗಳನ್ನು ತಂದ ಜಿಲ್ಲೆ ಇದು. ಕಟ್ಟುವ ಕಷ್ಟದ ಕೆಲಸವನ್ನು ಆ ತಲೆಮಾರು ಮುಗಿಸಿದೆ. ನಡೆಸುವವರನ್ನು ಹೊತ್ತಿಗೆ ಸರಿಯಾಗಿ ಆರಿಸುವುದಷ್ಟೇ ನಮ್ಮ ಪಾಲಿನದು.

ಚಿಕ್ಕ ಶಾಲೆಗಳಿಗೆ ಪ್ರತ್ಯೇಕ ಮುಖ್ಯ ಶಿಕ್ಷಕರನ್ನು ಕೊಡಲಾಗದಿದ್ದರೆ ಬೇಡ, ಪ್ರಭಾರ ವಹಿಸಿದವರಿಗೆ ಕೊಡಬೇಕಾದದ್ದನ್ನಾದರೂ ಕೊಡಿ. ಮಕ್ಕಳ ಸುರಕ್ಷತೆಗಾಗಿ ಶಾಲೆಯನ್ನು ಬೇಗ ಬಿಡುವ, ತಡವಾಗಿ ತೆರೆಯುವ ಅಧಿಕಾರ ಲಿಖಿತವಾಗಿ ಅವರಿಗಿರಲಿ. ಅನುಮತಿ ಮೊದಲು ಕೇಳುವ ಬದಲು ವರದಿ ಆಮೇಲೆ ಕೊಡುವಂತಾಗಲಿ. ಒಂದು ಕ್ಲಸ್ಟರ್‌ಗೆ ಒಬ್ಬ ಗುಮಾಸ್ತರನ್ನು ಕೊಟ್ಟರೂ ಹತ್ತಾರು ಶಾಲೆಗಳ ಮಾಹಿತಿ ತುಂಬುವ ಕೆಲಸ ಶಿಕ್ಷಕರ ತಲೆಯಿಂದ ಇಳಿಯುತ್ತದೆ. ಶಾಲಾ ನಾಯಕತ್ವಕ್ಕೆಂದೇ ಧಾರವಾಡದಲ್ಲಿ ಸಿಸ್ಲೆಪ್ ಎಂಬ ರಾಜ್ಯ ಸಂಸ್ಥೆಯಿದೆ, ನಮ್ಮ ಕುಮಟೆಯಲ್ಲೇ ಶಿಕ್ಷಕರ ತರಬೇತಿಯ ಜಿಲ್ಲಾ ಸಂಸ್ಥೆಯಾದ ಡಯಟ್ ಇದೆ. ಪ್ರಭಾರ ವಹಿಸಿಕೊಳ್ಳುವ ಮುಂಚೆ ಎರಡು ದಿನ ಅಲ್ಲಿ ಕೂರಿಸಿ, ಈ ಊರುಗಳ ಮಳೆಗಾಲದಲ್ಲಿ ಶಾಲೆ ನಡೆಸಿದ ಹಿರಿಯರಿಂದ ಮಾತಾಡಿಸಿ. ನೋಟಿಸ್ ಬಂದಾಗ ಕೈ ನಡುಗದಷ್ಟು ಧೈರ್ಯವಾದರೂ ಬಂದೀತು.

ನಾನು ಕೆಲಸ ಮಾಡಿದ ಕಾಲೇಜಿನ ಈಗಿನ ಪ್ರಾಚಾರ್ಯರ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿದೆ. ಅವರ ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ ದಾಖಲಿಸಿದವನು ನಾನೇ, ಆದ್ದರಿಂದ ಬಲ್ಲೆ. ಅವರ ನಂತರದವರ ಆಯ್ಕೆಗೆ ಆಡಳಿತ ಮಂಡಳಿ ಈ ವಾರವೇ ಕಡತ ತೆರೆಯಲಿ. ಟಿಪ್ಪಣಿ ಬರೆಯಲು ಕಚೇರಿಯಲ್ಲಿ ಕೈ ಸಾಲದಿದ್ದರೆ ಹೇಳಿ ಕಳಿಸಲಿ, ಬೆಳಗಿನ ಬಸ್ಸಿಗೆ ಬಂದು ಬರೆದುಕೊಟ್ಟು ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ,
ಕುಮಟಾ ತಾಲ್ಲೂಕು, ಉತ್ತರ ಕನ್ನಡ